ಕೂತಲ್ಲೇ ಕೇಳಿದ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ‘ನಿಲ್ಲು’ ಎಂಬ ಮಾತಿನ ಬಳಕೆಯನ್ನು ಕುರಿತು ಬರೆದದ್ದೇ ನೆಪವಾಗಿ, ‘ಕೂರು’ವಿನ ಬಗ್ಗೆ ಏಕೆ ಬರೆಯಲಿಲ್ಲವೆಂದು ಕೇಳುವ ಪತ್ರಗಳು ಸಾಲಾಗಿ ಬಂದಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಬೆಂಗಳೂರಿನ ಕಚೇರಿಯಲ್ಲಿ ಬಂದವರಿಗೆ ‘ಕೂಡ್ರಿ’ ಎಂದರೆ, ಯಾರ ಜೊತೆ ಕೂಡಬೇಕು ಎಂದು ಜೊತೆಯವರು ತಮಾಷೆ ಮಾಡುತ್ತಾರೆ. ಸರಿಯಾದ ರೂಪ ಯಾವುದು?

ನೀವು ಹೇಳುವುದು ಸರಿಯಾಗಿಯೇ ಇದೆ. ಹಳೆಯ ರೂಪವಾದ ‘ಕುಳ್ಳಿರ್’ ಊರೂರಿನ ಬಾಯಲ್ಲಿ ಬೇರೆ ಬೇರೆ ಬಗೆಯಲ್ಲಿ ಸವೆದಿದೆ. ಧಾರವಾಡದಲ್ಲಿ ‘ಕೂಡ್ರು’, ‘ಕುಂದರು’, ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಕುಂತ್ಕೊ’, ಕುಂದಾಪುರದಲ್ಲಿ ‘ಕೂಕಣಿ’. ಬರಹದವರು ‘ಕುಳಿತುಕೊಳ್ಳಿ’ ಎಂಬ ಐದಾರು ಅಕ್ಷರಗಳ ಮಾತನ್ನು ಮರ್ಯಾದಸ್ಥವೆಂದು ಆರಿಸಿಕೊಂಡರೂ, ಅದನ್ನು ಪೂರ್ತಿಯಾಗಿ ಉಚ್ಚರಿಸಿ ಮುಗಿಸುವಷ್ಟರಲ್ಲಿ ಅತಿಥಿಯು ಕೂತಾಗಿರುತ್ತದೆ. ತಮಾಷೆ ಮಾಡುವವರಿಗೆ ಅವರದೇ ‘ಕೂರು’ ಎಷ್ಟು ವಿಚಿತ್ರವೆಂದು ತೋರಿಸಿ: ‘ಕೂರುತ್ತಾನೆ’, ‘ಕೂರುವುದಿಲ್ಲ’ ಎನ್ನುವ ಅವರು ‘ಕೂರಿದ’ ಎನ್ನುವುದಿಲ್ಲ, ‘ಕೂತ’ ಎನ್ನುತ್ತಾರೆ. ‘ಕುಳಿತು’ ಎಂಬುದು ನುಡಿಯಲ್ಲಿ ‘ಕುಳ್ತು’ ಆಗಿ, ಳಕಾರ ಉದುರಿ, ಹಿಂದಿನ ಸ್ವರ ಉದ್ದವಾದದ್ದರ ಫಲ ಅದು. ಹಳಗನ್ನಡ ಓದುವ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ‘ಕೂರ್ತು’ ಎಂದು ಕಾವ್ಯದಲ್ಲಿ ಕಂಡರೆ ಅದು ಕೂತದ್ದಲ್ಲ, ಒಲಿದದ್ದು. ಹಳೆಯ ‘ಕೂರ್’ ಎಂಬ ಧಾತುವಿಗೆ ಪ್ರೀತಿಸು ಎಂಬ ಅರ್ಥವೂ ಇದೆ, ಹರಿತವಾಗಿರು ಎಂಬ ಅರ್ಥವೂ ಇದೆ. ‘ಕೂರ್ಮೆ’ ಒಲವಾದರೆ ‘ಕೂರಸಿ’ ಹರಿತವಾದ ಕತ್ತಿ.

ಪ್ರಶ್ನೆ: ನಮ್ಮ ಸೊಸೆ ಬಂಗಾಳದವಳು, ಕನ್ನಡ ಕಲಿಯುತ್ತಿದ್ದಾಳೆ. ‘ಸಾಲ ಮಾಡಿಕೊಂಡು ಕೂತಿದ್ದಾನೆ’ ಎಂದರೆ ‘ಎಲ್ಲಿ ಕೂತಿದ್ದಾನೆ?’ ಎಂದು ಕೇಳುತ್ತಾಳೆ. ಏನು ಹೇಳಲಿ?

ಅವಳ ಪ್ರಶ್ನೆ ಬಹಳ ಚೆನ್ನಾಗಿದೆ. ನಮಗೆ ಅದು ಹೊಳೆಯುವುದೇ ಇಲ್ಲ. ಇಲ್ಲಿ ಕೂತವನು ಎಲ್ಲಿಯೂ ಕೂತಿಲ್ಲ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದಾಗ ‘ಕೂರು’ ದೇಹದ ಭಂಗಿಯನ್ನು ಬಿಟ್ಟುಕೊಟ್ಟು ಕಾಲವನ್ನು ಹಿಡಿಯುತ್ತದೆ. ‘ಹೇಳುತ್ತಾ ಇದ್ದ’ ಎಂದರೆ ವರದಿ. ‘ಹೇಳುತ್ತಾ ಕೂತ’ ಎಂದರೆ ವರದಿಯ ಜೊತೆಗೆ ವರದಿಗಾರನ ಬೇಸರವೂ ಇದೆ. ಮೊನ್ನೆ ಮೈಸೂರಿನಿಂದ ಬರುವ ಬಸ್ಸಿನಲ್ಲಿ, ಮಂಡ್ಯದವರೆಗೂ ಕಂಬಿ ಹಿಡಿದು ನಿಂತೇ ಬಂದಿದ್ದ ಒಬ್ಬರು, ಚಿಲ್ಲರೆ ಕೊಡದ ಕಂಡಕ್ಟರನ್ನು ತೋರಿಸಿ ‘ಎರಡು ರೂಪಾಯಿಗೆ ಇವನ ಹತ್ತಿರ ಜಗಳ ಆಡ್ತಾ ಕೂರೋಕಾಗುತ್ತಾ?’ ಎಂದರು. ಕೂರಲು ಸೀಟು ಸಿಗದವರ ಬಾಯಲ್ಲಿ ಬಂದ ಆ ‘ಕೂರು’ವನ್ನು ಕೇಳಿ ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿ ಅಸಂಗತವಾದದ್ದು ಏನೂ ಇರಲಿಲ್ಲ.

‘ಮಾಡಿಕೊಂಡು ಕೂತ’ ಎಂಬುದು ಇನ್ನೂ ಸೂಕ್ಷ್ಮ. ಕೆಲಸ ಮುಗಿದಿದೆ, ಅದರ ಫಲ ಮಾತ್ರ ಕದಲುತ್ತಿಲ್ಲ, ಹೇಳುವವನಿಗೆ ಅದು ಇಷ್ಟವೂ ಇಲ್ಲ. ಆದ್ದರಿಂದಲೇ ‘ಕಾಲು ಮುರಿದುಕೊಂಡು ಕೂತ’ ಎಂಬುದು ಸಹಜವಾಗಿ ಕೇಳಿಸುತ್ತದೆ. ‘ಬಹುಮಾನ ಗೆದ್ದುಕೊಂಡು ಕೂತಿದ್ದಾಳೆ’ ಎಂದರೆ ಹೇಳಿದವರ ಹೊಟ್ಟೆಕಿಚ್ಚು ಹೊರಗೆ ಬೀಳುತ್ತದೆ. ಸೊಸೆಗೆ ಇದನ್ನು ವ್ಯಾಕರಣವಾಗಿ ಕಲಿಸಬೇಡಿ. ಯಾವ ಸಂಗತಿಗೆ ಮನೆಯಲ್ಲಿ ಯಾರ ಮೇಲೆ ಸಿಟ್ಟು ಬಂದಾಗ ಈ ರೂಪ ಹೊರಡುತ್ತದೆಂದು ಗಮನಿಸಲು ಹೇಳಿ, ವಾರದೊಳಗೆ ಕಲಿತುಬಿಡುತ್ತಾಳೆ.

ಒಂಟಿಯಾಗಿ ಬಂದಾಗಲೂ ಈ ಪದ ಭಂಗಿಗಿಂತ ನೆಲೆಯನ್ನೇ ಹೆಚ್ಚು ಹೇಳುತ್ತದೆ. ಧೂಳು ಕೂರುತ್ತದೆ, ಕಲೆ ಕೂರುತ್ತದೆ, ಮಳೆಗಾಲ ಕಳೆದ ಮೇಲೆ ಹೊಸ ಮನೆಯ ಪಾಯ ಒಂದಿಷ್ಟು ಕೂರುತ್ತದೆ, ಪಾಠ ತಲೆಯಲ್ಲಿ ಕೂರುತ್ತದೆ ಅಥವಾ ಕೂರುವುದಿಲ್ಲ, ರವಿಕೆ ತೋಳಿನ ಹತ್ತಿರ ಸರಿಯಾಗಿ ಕೂರುತ್ತದೆ. ಕೋಳಿ ಕಾವಿಗೆ ಕೂತರೆ 21 ದಿನ ಅದನ್ನು ಎಬ್ಬಿಸುವಂತಿಲ್ಲ. ಹುಡುಗಿ ‘ಮೂಲೆಗೆ ಕೂತಳು’ ಎಂದರೆ ಅದರ ಹಿಂದೆ ಮುಟ್ಟಿನ ಕಟ್ಟುಪಾಡಿನ ಇಡೀ ಚರಿತ್ರೆಯಿದೆ. ಡಿಗ್ರಿ ಮುಗಿಸಿದ ಹುಡುಗ ‘ಮನೆಯಲ್ಲಿ ಕೂತಿದ್ದಾನೆ’ ಎನ್ನುತ್ತೇವಲ್ಲ, ಅವನು ಪಾಪ ಬೆಳಗಿನಿಂದ ಸಂಜೆಯವರೆಗೆ ಕೆಲಸ ಹುಡುಕಿಕೊಂಡು ತಿರುಗುತ್ತಿರಬಹುದು.

ಪ್ರಶ್ನೆ: ಯೋಗ ತರಗತಿಯಲ್ಲಿ ಪ್ರತಿಯೊಂದು ಆಸನಕ್ಕೂ ಸಂಸ್ಕೃತದ ಹೆಸರು ಹೇಳುತ್ತಾರೆ. ನಮ್ಮ ಹಿರಿಯರು ಕೂರುತ್ತಿದ್ದ ಬಗೆಗಳಿಗೆ ಕನ್ನಡದಲ್ಲಿ ಹೆಸರುಗಳಿಲ್ಲವೇ?

ಕೆಲವಕ್ಕೆ ಇವೆ. ಸುಖಾಸನಕ್ಕೆ ನಾವು ಚಕ್ಕಳಮಕ್ಕಳ ಎನ್ನುತ್ತೇವೆ. ಚಕ್ಕಂಬಕ್ಕಳ, ಚಕ್ಕಳಬಕ್ಕಳ ಎನ್ನುವವರೂ ಇದ್ದಾರೆ. ಪಾದವನ್ನು ಎದುರು ತೊಡೆಯ ಮೇಲೆ ಅಂಗಾಲು ಮೇಲಾಗಿ ಇಟ್ಟರೆ ಅದು ಪದ್ಮಾಸನ. ನಮ್ಮ ಚಕ್ಕಳಮಕ್ಕಳಕ್ಕೆ ಅಷ್ಟು ಶಿಸ್ತು ಬೇಕಿಲ್ಲ. ಅಂಗಾಲೂರಿ, ಕುಂಡಿ ನೆಲಕ್ಕೆ ತಾಗದಂತೆ ಕೂರುವುದು ಕುಕ್ಕರಗಾಲು. ಪಾತ್ರೆ ತೊಳೆಯುವವರು, ಗೋಲಿ ಆಡುವ ಹುಡುಗರು, ಊರ ಬಾಗಿಲಲ್ಲಿ ಬಸ್ಸಿಗೆ ಕಾಯುವವರು ಹಾಗೆ ಕೂರುತ್ತಾರೆ. ಕೂತೂ ಏಳಲು ತಯಾರಾಗಿರುವವರ ಭಂಗಿ ಅದು. ಮಂಡಿಯೂರುವುದು, ಕಾಲು ಚಾಚುವುದು, ಕಾಲ ಮೇಲೆ ಕಾಲು ಹಾಕುವುದು ಎಲ್ಲರಿಗೂ ಗೊತ್ತಿರುವವೇ, ಮತ್ತು ಕೊನೆಯದನ್ನು ಯಾರ ಎದುರು ಮಾಡಬಾರದೆಂಬುದೂ ಗೊತ್ತಿರುವುದೇ.

ಆದರೆ ನನ್ನ ಕುತೂಹಲವಿರುವುದು ಹೆಸರಿಲ್ಲದ ಭಂಗಿಗಳಲ್ಲಿ. ನಮ್ಮ ಅಜ್ಜಿ ಹೆರೆಮಣೆಯ ಮೇಲೆ ಕೂರುವಾಗ ಒಂದು ಕಾಲನ್ನು ಮಣೆಯ ಪಕ್ಕಕ್ಕೆ ಮಡಚಿ, ಇನ್ನೊಂದು ಮಂಡಿಯನ್ನು ಎದೆಯವರೆಗೆ ಎತ್ತಿ, ತನ್ನ ಇಡೀ ಭಾರದಿಂದ ಮಣೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು. ತೆಂಗಿನ ಕಡಿಯನ್ನು ಎರಡು ಅಂಗೈಗಳಿಂದ ತಿರುಗಿಸುತ್ತಿದ್ದರೂ ಮಣೆ ಒಂದಿಂಚು ಅಲುಗುತ್ತಿರಲಿಲ್ಲ. ಆ ಕೂರುವಿಕೆಯೇ ಅರ್ಧ ಕೆಲಸ. ಹಸುಗೂಸಿಗೆ ಎಣ್ಣೆನೀರು ಹಾಕುವಾಗ ಅದೇ ಅಜ್ಜಿ ಎರಡೂ ಕಾಲು ಚಾಚಿ, ಮಗುವನ್ನು ಅವುಗಳ ನಡುವಿನ ತಗ್ಗಿನಲ್ಲಿ ಮಲಗಿಸಿ, ತನ್ನ ಕಾಲುಗಳನ್ನೇ ತೊಟ್ಟಿಯನ್ನಾಗಿ ಮಾಡಿಕೊಳ್ಳುತ್ತಿದ್ದಳು. ಕರ್ನಾಟಕ ಸಂಗೀತದ ಪಿಟೀಲುವಾದಕರು ಕೂರುವುದನ್ನು ಮುಂದಿನ ಕಛೇರಿಯಲ್ಲಿ ನೋಡಿ: ಬಲಗಾಲು ತುಸು ಮುಂದೆ ಬಂದು, ಪಿಟೀಲಿನ ತುದಿ ಆ ಪಾದದ ಗಂಟಿನ ಬಳಿ ನಿಂತಿರುತ್ತದೆ. ವಾದ್ಯದ ಭಾರವನ್ನು ಎದೆ ಮತ್ತು ಕಾಲು ಹೊತ್ತುಕೊಳ್ಳುವುದರಿಂದ ಎಡಗೈ ಸ್ವತಂತ್ರವಾಗಿ ಜಾರಬಲ್ಲುದು. ಗಮಕಕ್ಕೆ ಬೇಕಾದದ್ದು ಅದೇ. ಪಶ್ಚಿಮದಿಂದ ಬಂದ ವಾದ್ಯವನ್ನು ನಾವು ನೆಲದ ಮೇಲೆ ಕೂರಿಸಿ ನಮ್ಮದಾಗಿಸಿಕೊಂಡೆವು, ಆ ಕೂರುವಿಕೆಗೆ ಮಾತ್ರ ಹೆಸರಿಡಲಿಲ್ಲ.

ಮೇಲುಕೋಟೆಯ ಬೆಟ್ಟದ ಯೋಗನರಸಿಂಹನನ್ನು ನೋಡಿದವರು ಅವನ ಮಂಡಿಗಳನ್ನು ಬಿಗಿದ ಪಟ್ಟಿಯನ್ನು ಗಮನಿಸಿರುತ್ತಾರೆ. ಅದು ಯೋಗಪಟ್ಟ. ಎತ್ತಿದ ಮಂಡಿಗಳು ಅಗಲಿ ಜಾರದಂತೆ ಹಿಡಿದಿಡುವ ಕಟ್ಟು ಅದು. ನಮ್ಮೂರಿನ ಅರಳಿಕಟ್ಟೆಯ ಮೇಲೆ ಮುದುಕರು ಹೆಗಲ ವಸ್ತ್ರವನ್ನು ಬಿಚ್ಚಿ, ಸೊಂಟಕ್ಕೂ ಮಂಡಿಗೂ ಸೇರಿಸಿ ಗಂಟು ಹಾಕಿ, ಗೋಡೆಯ ಆಸರೆಯಿಲ್ಲದೆ ಗಂಟೆಗಟ್ಟಲೆ ಹಾಯಾಗಿ ಹರಟುತ್ತಿದ್ದರು. ದೇವರ ಯೋಗಪಟ್ಟಕ್ಕೆ ಶಿಲ್ಪಶಾಸ್ತ್ರದಲ್ಲಿ ಹೆಸರಿದೆ, ಕಟ್ಟೆಯವರದು ಬರೀ ‘ವಸ್ತ್ರ ಕಟ್ಟಿಕೊಂಡು ಕೂರುವುದು’.

ಪ್ರಶ್ನೆ: ಉಪನಿಷತ್ತಿಗೂ ಸಾಹಿತ್ಯ ಪರಿಷತ್ತಿಗೂ ಏನಾದರೂ ಸಂಬಂಧವಿದೆಯೇ?

ಪದದ ಮಟ್ಟಿಗೆ ಇದೆ. ಎರಡರಲ್ಲಿಯೂ ಇರುವುದು ಸಂಸ್ಕೃತದ ‘ಸದ್’, ಅಂದರೆ ಕೂರು. ಹತ್ತಿರ ಕೂತರೆ ಉಪನಿಷತ್, ಸುತ್ತ ಕೂತರೆ ಪರಿಷತ್, ಒಟ್ಟಾಗಿ ಕೂತರೆ ಸಂಸತ್. ಕೂರುವ ಅರ್ಥದ ಇನ್ನೊಂದು ಧಾತು ‘ಆಸ್’: ಅದರಿಂದ ಆಸನ, ಬಳಿ ಕೂರುವ ಉಪಾಸನೆ, ದೂರ ಸರಿದು ಕೂರುವ ಉದಾಸೀನ. 1915ರಲ್ಲಿ ಬೆಂಗಳೂರಿನಲ್ಲಿ ಪರಿಷತ್ತನ್ನು ಕಟ್ಟಿದವರು ಸುತ್ತ ಕೂರುವುದನ್ನೇ ಉದ್ದೇಶಿಸಿದ್ದರು. ಈಚೆಗೆ ಅಲ್ಲಿ ಯಾರು ಎಲ್ಲಿ ಕೂರಬೇಕೆಂಬ ಚರ್ಚೆಯೇ ಹೆಚ್ಚೆಂಬುದು ನನ್ನ ಕುಹಕ, ಕ್ಷಮೆಯಿರಲಿ.

ಪ್ರಶ್ನೆ: ‘ಧರಣಿ’ ಎಂದರೆ ಭೂಮಿ. ನೆಲದ ಮೇಲೆ ಕೂರುವುದರಿಂದ ಮುಷ್ಕರಕ್ಕೆ ಆ ಹೆಸರು ಬಂತೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ?

ಕೇಳಲು ಸೊಗಸಾಗಿದೆ, ಆದರೆ ನಿಜವಲ್ಲ. ಮೂಲ ಹಿಂದಿಯ ‘ಧರ್ನಾ’; ಕನ್ನಡದ ಬಾಯಿ ಅದನ್ನು ತನಗೆ ಪರಿಚಿತವಾದ ‘ಧರಣಿ’ಗೆ ಒಗ್ಗಿಸಿಕೊಂಡಿತು. ಹಿಂದೆ ಇದು ಸರ್ಕಾರದ ವಿರುದ್ಧ ಹೂಡುತ್ತಿದ್ದ ಉಪಾಯವಾಗಿರಲಿಲ್ಲ. ಸಾಲ ಕೊಟ್ಟವನು ಸಾಲಗಾರನ ಮನೆಬಾಗಿಲಲ್ಲಿ ಅನ್ನಬಿಟ್ಟು ಕೂರುತ್ತಿದ್ದ. ಅವನಿಗೇನಾದರೂ ಆದರೆ ಪಾಪ ಮನೆಯವನಿಗೆ ಸುತ್ತಿಕೊಳ್ಳುತ್ತಿತ್ತು. ಬ್ರಿಟಿಷರು ಇದಕ್ಕೆ ಎಷ್ಟು ಬೆದರಿದ್ದರೆಂದರೆ, 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮು ದೈವಕೋಪದ ಭಯ ಹುಟ್ಟಿಸಿ ಕೆಲಸ ಮಾಡಿಸಿಕೊಳ್ಳುವುದನ್ನು ಅಪರಾಧವೆಂದು ಹೇಳಿ, ಅದಕ್ಕೆ ಮೊದಲ ಉದಾಹರಣೆಯಾಗಿ ಒಬ್ಬನ ಬಾಗಿಲಲ್ಲಿ ಇನ್ನೊಬ್ಬ ಧರಣಿ ಕೂರುವುದನ್ನೇ ಕೊಟ್ಟಿತು. ಹೊಡೆಯದೆ, ಬೈಯದೆ, ಬರಿದೇ ಕೂತವನನ್ನು ಹಿಡಿಯಲು ಕಾನೂನು ಬೇಕಾಯಿತು.

ಪ್ರಶ್ನೆ: ನನ್ನ ತಂಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಇದು ಭಾಷೆಯ ಪ್ರಶ್ನೆಯಲ್ಲ, ಆದರೂ ಕೇಳುತ್ತಿದ್ದೇನೆ.

ಭಾಷೆಯ ಪ್ರಶ್ನೆಯೂ ಹೌದು. ‘ಅಂಗಡಿಯಲ್ಲಿ ಕೂತಿದ್ದಾನೆ’ ಎಂದರೆ ಅವನು ಮಾಲೀಕ ಅಥವಾ ಮಾಲೀಕನ ಮಗ. ಗಲ್ಲಾದಲ್ಲಿ ಕೂರುವವನು ಒಬ್ಬನೇ. ಕೆಲಸದವರು ಅಂಗಡಿಯಲ್ಲಿ ‘ನಿಲ್ಲು’ತ್ತಾರೆ, ಮಾತೇ ಹಾಗಿದೆ. 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ನಿಂತು ದುಡಿಯುವವರಿಗೆ, ಬಿಡುವು ಸಿಕ್ಕಾಗ ಕೂರಲು ಆಸನ ಒದಗಿಸಬೇಕೆಂದು ಹೇಳಿದರೂ, ಅದು ಕಾರ್ಖಾನೆಯ ಗೋಡೆಯೊಳಗಿನ ಮಾತಾಗಿಯೇ ಉಳಿಯಿತು. ಕೇರಳದ ಕೋಳಿಕ್ಕೋಡಿನಲ್ಲಿ ಅಂಗಡಿಗಳ ಮಾರಾಟ ಸಹಾಯಕಿಯರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿಯಾಗಿ ಕೂರುವುದು ಹಕ್ಕಾಯಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಆ ಎರಡು ಕಾಯಿದೆಗಳ ವಿಷಯವನ್ನು ನಿಮ್ಮ ತಂಗಿ ತನ್ನ ಜೊತೆಯವರಿಗೆ ತಿಳಿಸಲಿ. ಪಕ್ಕದ ರಾಜ್ಯದಲ್ಲಿ ಆದದ್ದು ಇಲ್ಲಿ ಆಗಬಾರದೆಂದೇನೂ ಇಲ್ಲ.

ಪ್ರಶ್ನೆ: ಮನೆಯಲ್ಲಿ ನಿಂತ ಲಕ್ಷ್ಮಿಯ ಪಟ ಇಡಬಾರದು, ಕೂತ ಲಕ್ಷ್ಮಿಯದೇ ಇರಬೇಕು ಎನ್ನುತ್ತಾರಲ್ಲ?

ನಿಂತವಳು ಹೊರಟುಬಿಟ್ಟಾಳು ಎಂಬ ಭಯ, ಅಷ್ಟೇ. ಗೋಕರ್ಣ, ಇಡಗುಂಜಿಗಳ ಗಣಪತಿ ಶತಮಾನಗಳಿಂದ ನಿಂತೇ ಇದ್ದಾನೆ, ಎಲ್ಲಿಗೂ ಹೋಗಿಲ್ಲ.

ಪ್ರಶ್ನೆ: ಎಲೆ ಹಾಕಿದ ಮೇಲೆ ಊಟಕ್ಕೆ ಕೂರಬೇಕಾದವರನ್ನು ‘ಏಳಿ, ಊಟಕ್ಕೆ ಏಳಿ’ ಎಂದು ಏಕೆ ಕರೆಯುತ್ತಾರೆ?

ಕರೆಯುವವರಿಗೆ ಗೊತ್ತು: ಜನ ಆಗಲೇ ಜಗಲಿಯ ಮೇಲೆ ಹರಟುತ್ತಾ ಕೂತಿದ್ದಾರೆ.