ದುರ್ಬೀನು ಯಾರದು, ಮೇಷ್ಟ್ರೇ?

"ಕಳೆದ ಸಂಚಿಕೆಯಲ್ಲಿ ಗೆಲಿಲಿಯೋಗೆ ನಾಲ್ಕು ಸಾಲು, ಯಾವನೋ ಕನ್ನಡಕದ ಅಂಗಡಿಯವನಿಗೆ ಒಂದು ಪುಟ! ದುರ್ಬೀನು ಕಂಡುಹಿಡಿದದ್ದು ಗೆಲಿಲಿಯೋ ಅಂತ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರೂ ನಿಮ್ಮ ಲೆಕ್ಕ ಅರ್ಥವಾಗಲಿಲ್ಲ."
ಒಬ್ಬ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ಎರಡು ಸಲ ಓದಿದಿರಲ್ಲ, ಅದಕ್ಕೇ ಒಂದು ನಮಸ್ಕಾರ. ಗೆಲಿಲಿಯೋ ದೊಡ್ಡವನು, ತಕರಾರಿಲ್ಲ. 1610ರ ಜನವರಿಯಲ್ಲಿ ಗುರುಗ್ರಹದ ಪಕ್ಕದ ಚುಕ್ಕಿಗಳನ್ನು ದಿನಾ ರಾತ್ರಿ ಬರೆದಿಟ್ಟು, ಅವು ಗುರುವನ್ನೇ ಸುತ್ತುತ್ತಿವೆ ಅಂತ ಗೊತ್ತು ಮಾಡಿಕೊಳ್ಳಲು ತಲೆ ಬೇಕು. ಆದರೆ ದುರ್ಬೀನು ಮೊದಲು ಮಾಡಿದವನು ಅವನಲ್ಲ. ಇದನ್ನು ಅವನೇ ಬರೆದಿದ್ದಾನೆ. ಅದೇ ಮಾರ್ಚಿನಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಪುಸ್ತಕದಲ್ಲಿ, ನೆದರ್ಲೆಂಡ್ಸ್ ಕಡೆಯವನೊಬ್ಬ ಇಂಥದ್ದು ಮಾಡಿದ ಸುದ್ದಿ ಕಿವಿಗೆ ಬಿತ್ತು ಅನ್ನುತ್ತಾನೆ. ಗುರು ಒಪ್ಪಿಕೊಂಡದ್ದನ್ನು ಶಿಷ್ಯರು ಒಪ್ಪುತ್ತಿಲ್ಲ, ನೋಡಿ.

ಮಿಡಲ್‌ಬರ್ಗ್ ಊರಿನ ಕನ್ನಡಕದವನು ಹಾನ್ಸ್ ಲಿಪ್ಪರ್‌ಹೇ 1608ರ ಅಕ್ಟೋಬರಿನಲ್ಲಿ ಹೇಗ್‌ನಲ್ಲಿ ಡಚ್ ಸರ್ಕಾರದಿಂದ ಪೇಟೆಂಟ್ ಕೇಳಿದ. ಕೊಡಲಿಲ್ಲ. ಅಷ್ಟರಲ್ಲೇ ಆಲ್ಕ್‌ಮಾರ್‌ನ ಯಾಕೋಬ್ ಮೆಟಿಯಸ್ ಕೂಡ ನನ್ನದೂ ಇದೆ ಅಂತ ಬಂದಿದ್ದ, ವಿದ್ಯೆ ಸುಮಾರು ಜನಕ್ಕೆ ಗೊತ್ತಾಗಿತ್ತು. ಎರಡೂ ಕಣ್ಣಿಗೆ ಆಗುವಂಥದ್ದು ಮಾಡಿಕೊಡು ಅಂತ ಹೇಳಿ, ಒಳ್ಳೇ ದುಡ್ಡು ಕೊಟ್ಟು ಕಳಿಸಿದರು.

ಗೆಲಿಲಿಯೋನ ಸಾಮಾನಿನ ಪಟ್ಟಿಯೊಂದು ಉಳಿದಿದೆ, 1609ರ ಕೊನೆಯದು, ಕಾಗದವೊಂದರ ಹಿಂಬದಿ ಗೀಚಿದ್ದು. ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಮಗನಿಗೆ ಟೋಪಿ, ಅಕ್ಕಿ, ಕಡಲೆ, ಮೆಣಸು (ನಮ್ಮ ಕರಾವಳಿ ಕಡೆಯದ್ದೇ ಇದ್ದೀತು ಅಂತ ನನ್ನ ಆಸೆ), ಅದೇ ಪಟ್ಟಿಯಲ್ಲಿ ಎರಡು ಫಿರಂಗಿ ಗುಂಡು! ಯುದ್ಧಕ್ಕಲ್ಲ, ದುರ್ಬೀನಿನ ಗಾಜು ಉಜ್ಜಲಿಕ್ಕೆ. ಆಗಸ್ಟಿನಲ್ಲಿ ಸುಮಾರು 8 ಪಟ್ಟು ದೊಡ್ಡದಾಗಿ ತೋರಿಸುತ್ತಿದ್ದ ಕೊಳವೆ ವರ್ಷ ಮುಗಿಯುವಾಗ 20 ಪಟ್ಟಿಗೆ ಬಂದದ್ದು ಇಂಥ ಉಜ್ಜಾಟದಿಂದ. ಅಂದರೆ ನಿಮ್ಮ ಗೆಲಿಲಿಯೋ ಕೂಡ ಕೈ ಮಸಿ ಮಾಡಿಕೊಂಡವನೇ. ಪಾಠದಲ್ಲಿ ಅದನ್ನು ಮಾತ್ರ ಬಿಡುತ್ತೇವೆ. ಕೈಕೆಲಸದವರ ಹೆಸರು ಹೀಗೇ ಹಿಂದೆ ಸರಿಯುತ್ತದೆ. ಗಡಿಯಾರ ಮಾಡುತ್ತಿದ್ದ ಯೋಸ್ಟ್ ಬ್ಯೂರ್ಗಿ, ಗುಣಾಕಾರವನ್ನು ಬರೀ ಕೂಡುವ ಲೆಕ್ಕಕ್ಕೆ ಇಳಿಸುವ ಲಾಗರಿದಮ್ ಕೋಷ್ಟಕವನ್ನು ತಾನಾಗೇ ಮಾಡಿದ್ದ, ಅಚ್ಚಾಗಿದ್ದು 1620ರಲ್ಲಿ. ತನ್ನ ಕೋಷ್ಟಕವನ್ನು 1614ರಲ್ಲೇ ಅಚ್ಚು ಹಾಕಿಸಿದ ಸ್ಕಾಟ್ಲೆಂಡಿನ ಜಮೀನ್ದಾರ ನೇಪಿಯರ್ ಹೆಸರು ಉಳಿಯಿತು.

ನಾನು ಓದಿದ ಕಾಲೇಜಿನಲ್ಲಿ ಲೇತ್ ಕೆಟ್ಟರೆ ಪ್ರೊಫೆಸರ್ ಕೂಗುತ್ತಿದ್ದದ್ದು ಮೆಕ್ಯಾನಿಕ್ಕನ್ನು. ಅವರು ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದರು. ರೆಕಾರ್ಡಿಗೆ ಸಹಿ ಹಾಕುವ ಅಧಿಕಾರ ಇರಲಿಲ್ಲ. ಕೊನೇ ವರ್ಷದ ಗ್ರೂಪ್ ಫೋಟೋದಲ್ಲಿ ಅವರಿಲ್ಲ, ಅದಕ್ಕೆ ಕುರ್ಚಿ ಜೋಡಿಸಿದ್ದು ಮಾತ್ರ ಅವರೇ. ಈಗ ಅದೇ ಕೈಕೆಲಸ ಕಲಿತ ಐಟಿಐ ಹುಡುಗನಿಗೆ ಹೆಣ್ಣು ಕೊಡೋರಿಲ್ಲ, ಆಮೇಲೆ ಮಿಕ್ಸಿ ರಿಪೇರಿಗೆ ಜನ ಸಿಗಲ್ಲ ಅಂತ ನಮಗೇ ಕಾಗದ ಬರೆಯುತ್ತಾರೆ!

ಇರಲಿ. ಒರೆಸಿಕೊಂಡಿರಲ್ಲ, ಆ ಕನ್ನಡಕ ಮಾಡಿಕೊಟ್ಟವರ ಹೆಸರು ನಿಮಗೆ ಗೊತ್ತಾ, ಮೇಷ್ಟ್ರೇ?