ಮಡಚೋ ಸೈಕಲ್ ಆರ್ಡರ್ ಮಾಡುವ ಮುಂಚೆ ಒಂದು ಸಲ ಎತ್ತಿ ನೋಡಿ

ಸಾರ್, ಆರ್ಡರ್ ಇನ್ನೂ ಹಾಕಿಲ್ಲ ಅಂದರೆ ಸ್ವಲ್ಪ ತಡೆಯಿರಿ. ಕಾರು ಮಾರಿ ಆಯಿತು, ಮನೆಯಿಂದ ಮೆಟ್ರೋಗೆ 3 ಕಿ.ಮೀ., ಇಳಿದ ಮೇಲೆ ಆಫೀಸಿಗೆ 2 ಕಿ.ಮೀ., ಅದಕ್ಕೆ 20 ಇಂಚಿನ ಚಕ್ರದ, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಇರುವ 17 ಕೆಜಿ ಮಡಚೋ ಸೈಕಲ್ ನೋಡಿಟ್ಟಿದ್ದೇನೆ ಅಂತ ಬರೆದಿದ್ದೀರಿ. ಇದೇ ತಪ್ಪನ್ನು ನಾನು ದುಡ್ಡು ಕೊಟ್ಟು ಮಾಡಿ ಮುಗಿಸಿದ್ದೇನೆ.

ನೀವು ಓಡಿಸುವ ಲೆಕ್ಕ ಹಾಕಿದ್ದೀರಿ, ಹೊರುವ ಲೆಕ್ಕ ಬಿಟ್ಟಿದ್ದೀರಿ. ಹೋಗಿ ಬರುವಷ್ಟರಲ್ಲಿ ದಿನಕ್ಕೆ ನಾಲ್ಕು ಸಲ ಮಡಚಬೇಕು, ನಾಲ್ಕು ಸಲ ಬಿಚ್ಚಬೇಕು. ಅಂಗಡಿಯಲ್ಲಿ ಒಂದು ಸುತ್ತು ಹೊಡೆದಾಗ ನನ್ನದೂ ಹೂವಿನ ಹಾಗಿತ್ತು. ಮೊದಲ ವಾರವೇ ಎಸ್ಕಲೇಟರ್ ಕೆಟ್ಟಿತು. ಹೆಗಲಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ಸೈಕಲ್, ಹಿಂದೆ ಜನ. ಮಡಚಿದ ಸೈಕಲ್ಲಿನ ಎರಡು ಅರ್ಧವನ್ನು ಹಿಡಿದಿಡೋಕೆ ಮ್ಯಾಗ್ನೆಟ್ ಇರಲಿಲ್ಲ. ಅರ್ಧ ಮೆಟ್ಟಿಲಲ್ಲಿ ತಾನಾಗಿ ಬಿಚ್ಚಿಕೊಂಡು ಪೆಡಲ್ ಹೋಗಿ ಹಿಂದಿನವರ ಮೊಣಕಾಲಿಗೆ ಬಡಿಯಿತು. ಕೈ ಮುಗಿಯೋಣ ಅಂದರೆ ಕೈ ಖಾಲಿ ಇಲ್ಲ! ಪ್ಯಾಂಟಿಗೆಲ್ಲ ಚೈನ್ ಗ್ರೀಸು. ಮರುದಿನದಿಂದ ಹಳೇ ಟ್ಯೂಬ್ ಕತ್ತರಿಸಿ ಕಟ್ಟಿಕೊಂಡು ಹೋದೆ. ತಿಂಗಳಲ್ಲಿ ಅದು ಬಾಲ್ಕನಿ ಸೇರಿತು.

ಅದಕ್ಕೇ ಈಗ ಯಾರು ಕೇಳಿದರೂ ಒಂದೇ ಪರೀಕ್ಷೆ ಹೇಳುತ್ತೇನೆ. 20 ಲೀಟರ್ ಕ್ಯಾನಿಗೆ 17 ಲೀಟರ್ ನೀರು ತುಂಬಿ. ಆಫೀಸ್ ಬ್ಯಾಗ್ ಹಾಕಿಕೊಂಡು ಒಂದೇ ಕೈಯಲ್ಲಿ ಎರಡು ಮಹಡಿ ಹತ್ತಿ. ಆಮೇಲೆ ಹಗುರ ಸೈಕಲ್ಲಿನ ಲೆಕ್ಕಕ್ಕೆ 12 ಲೀಟರಿಗೆ ಇಳಿಸಿ ಮತ್ತೆ ಹತ್ತಿ. ಯಾವ ಸೈಕಲ್ ಬೇಕು ಅಂತ ಭುಜವೇ ಹೇಳುತ್ತದೆ. ನಗಬೇಡಿ, ಮಾಡಿ ನೋಡಿ. ಸೊಂಟ ನೋವಿದ್ದವರು ಮಾತ್ರ ಬೇಡ. ಅಂಥವರು ಮಡಚಿದ ಮೇಲೂ ಉರುಳಿಸಿಕೊಂಡು ಹೋಗುವಂಥದ್ದನ್ನೇ ನೋಡಬೇಕು.

ಹೊರುವ ವಿಷಯದಲ್ಲಿ ಬ್ರಾಂಪ್ಟನ್ ಕಂಪನಿಯ 16 ಇಂಚಿನ ಮಡಚೋ ಸೈಕಲ್ಲಿಗೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಮಡಚಿದರೆ ಹೆಚ್ಚು ಕಡಿಮೆ ಎರಡಡಿ ಉದ್ದ, ಎರಡಡಿ ಎತ್ತರ, ಒಂದಡಿ ದಪ್ಪ. ಚೈನ್ ಒಳಗಡೆ ಸೇರಿಕೊಳ್ಳುತ್ತದೆ, ಪ್ಯಾಂಟ್ ಬಚಾವ್. ಮುಂದಿನ ಬ್ಯಾಗ್ ಹ್ಯಾಂಡಲ್‌ಗೆ ಅಲ್ಲ, ಫ್ರೇಮಿಗೆ ಕೂರುತ್ತದೆ, ತಿರುಗಿಸುವಾಗ ಭಾರ ಎಳೆಯುವುದಿಲ್ಲ. ಬೆಲೆ ಮಾತ್ರ ಕೇಳಬೇಡಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಆದರೆ ಹಿಂಜ್ (ಮಡಚುವ ಕೀಲು) ಹತ್ತಿರ ಬಿರುಕು, ಸಡಿಲ ಇದೆಯಾ ನೋಡದೆ ದುಡ್ಡು ಕೊಡಬೇಡಿ. ಡಾಹೋನ್, ಟರ್ನ್ ಕಂಪನಿಗಳ 20 ಇಂಚಿನವು ಓಡಿಸೋಕೆ ಹಾಯಾಗಿರುತ್ತವೆ, ಗುಂಡಿಯಲ್ಲೂ ಧೈರ್ಯ ಜಾಸ್ತಿ. ರೈಲು ಖಾಲಿ ಇದ್ದರೆ ಅದೇ ಸರಿ. ನಿಮ್ಮದು ಬೆಳಿಗ್ಗೆ 9ರ ರಶ್ ಅಲ್ವಾ? 16 ಇಂಚಿಗೇ ಹೋಗಿ. ಆದರೆ ಚಿಕ್ಕ ಚಕ್ರ ಗುಂಡಿಗೆ ಬಿದ್ದರೆ ಏಳುವುದು ಕಷ್ಟ, ಮಳೆಯಲ್ಲಿ ನೀರು ನಿಂತ ಕಡೆ ಸುಮ್ನೆ ಇಳಿದು ತಳ್ಳಿ.

5 ಕಿ.ಮೀ.ಗೆ ಶಾಕ್ ಯಾಕೆ ಸ್ವಾಮಿ? ಬರೀ ತೂಕ. ಪೆಡಲ್ ತುಳಿದ ಶಕ್ತಿಯಲ್ಲೂ ಸ್ವಲ್ಪ ಅದೇ ತಿಂದುಬಿಡುತ್ತದೆ.

ಚಕ್ರದ ವಿಷಯ ಬಂತು ಅಂತ ಟೈರ್ ಬಗ್ಗೆಯೂ ಹೇಳುತ್ತೇನೆ. 16 ಇಂಚು ಅಂದರೆ ಒಂದೇ ಅಳತೆ ಅಲ್ಲ. ಟೈರ್ ಕೂರುವ ರಿಮ್ಮಿನ ವ್ಯಾಸ ಮಿ.ಮೀ. ಲೆಕ್ಕದಲ್ಲಿ 305 ಇದೆ, 349 ಇದೆ. 20 ಇಂಚಿನಲ್ಲೂ 406, 451 ಅಂತ ಬೇರೆ ಬೇರೆ. ಒಂದರ ಟೈರ್ ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 35-349 ಅನ್ನೋ ಥರ ಬರೆದಿರುತ್ತದೆ, ಆ ಕೊನೆಯ ನಂಬರ್ ನೋಡಿಯೇ ಕೊಳ್ಳಿ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಅನ್ನೋ ಟೈರ್ ಹಾಕಿದ ಮೇಲೆ ಪಂಕ್ಚರ್ ನನಗೆ ಹೆಚ್ಚುಕಡಿಮೆ ಮರೆತೇ ಹೋಗಿದೆ. ಹಾಕುವಾಗ ಹೆಬ್ಬೆರಳ ಚರ್ಮ ಹೋಯಿತು, ಅದು ಬೇರೆ ಮಾತು. ಹೆಬ್ಬೆರಳಲ್ಲಿ ಒತ್ತಿ ಗಾಳಿ ನೋಡುವುದು ಬಿಡಿ, ಗೇಜ್ ಇರುವ ಪಂಪ್ ಇಟ್ಟುಕೊಳ್ಳಿ.

ಚೈನಿಗೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಕೆಲಸ ಮುಗೀತು ಅನ್ನುವವರ ಮಾತು ಕೇಳಬೇಡಿ, ಚೈನ್ ಆಯಿಲ್ಲೇ ಹಾಕಿ. ಬೆಳಿಗ್ಗೆ ಹತ್ತುವ ಮುಂಚೆ ಹಿಂಜ್ ಲಾಕ್ ಒಂದು ಸಲ ಅಲ್ಲಾಡಿಸಿ ನೋಡಿ. ಹೊರಗೆ ಬೀಗ ಹಾಕಿ ಬಿಡುವ ಯೋಚನೆ ಇದ್ದರೆ ಮಡಚೋ ಸೈಕಲ್ ಯಾಕೆ, ಹಳೇ ಸಾದಾ ಸೈಕಲ್ಲು, ಒಂದು ಯು-ಲಾಕ್ ಸಾಕು.

ಇನ್ನೊಂದು, ನಿಮ್ಮ ಮೆಟ್ರೋದಲ್ಲಿ ಸೈಕಲ್ ಬಿಡುತ್ತಾರಾ, ಕವರ್ ಬೇಕಾ, ಎಷ್ಟು ಅಳತೆಯವರೆಗೆ ಅಂತ ಸ್ಟೇಷನ್ನಿನಲ್ಲಿ ಮೊದಲೇ ಕೇಳಿ. ಅಂಗಡಿಯವರು ಹೇಳಿದ್ದನ್ನು ಗೇಟಿನಲ್ಲಿ ನಿಂತವರು ಒಪ್ಪಬೇಕಲ್ಲ. ನೋಡಿಟ್ಟ ಮಾಡೆಲ್‌ನ ಮಡಚಿದ ಅಳತೆ ಇಲ್ಲಿ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.