ಕಾನೂನು ಕಟ್ಟೆ: ಸಾಮಿಲ್ಲಿನಿಂದ ಶಾಸನಸಭೆಗೆ

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಮುಗಿಸಿ, ಮದುವೆಯಾಗಿ ಕೆನಡಾದ ವ್ಯಾಂಕೂವರ್‌ಗೆ ಹೋಗಿದ್ದಾಳೆ. ಅಲ್ಲಿ ಅವಳ ಓದಿಗೆ ಬೆಲೆಯಿಲ್ಲ, ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಫೋನ್ ಮಾಡಿದಾಗಲೆಲ್ಲ ಅಳುತ್ತಾಳೆ. ಅದೇ ಊರಲ್ಲಿ ಉಜ್ಜಲ್ ದೋಸಾಂಝ್ ಎಂಬ ನಮ್ಮ ದೇಶದವರು ವಕೀಲರಾಗಿ, ಶಾಸಕರಾಗಿ, ಮುಖ್ಯಮಂತ್ರಿಯಂಥ ಹುದ್ದೆಗೂ ಏರಿದರಂತೆ. ಅದು ಹೇಗಾಯಿತು? ಇವಳಿಗೂ ದಾರಿ ಇದೆಯಾ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ಮಗಳಿಗೆ ಮೊದಲು ಇದನ್ನು ಹೇಳಿ. ದೋಸಾಂಝ್ ಕೆನಡಾಕ್ಕೆ ಹೋದ ಹೊಸತರಲ್ಲಿ ಮಾಡಿದ್ದು ಸಾಮಿಲ್ಲಿನಲ್ಲಿ ಹಲಗೆ ಎಳೆಯುವ ಕೆಲಸ. ಹಸಿ ಹಲಗೆಯ ಭಾರ ಎಷ್ಟು ಅಂತ ನಮ್ಮ ಸಾಗರ, ಶಿವಮೊಗ್ಗದ ಮಿಲ್ಲಿನವರನ್ನು ಕೇಳಬೇಕು. ಆ ಕೆಲಸದಲ್ಲೇ ಅವರ ಬೆನ್ನಿಗೆ ಪೆಟ್ಟಾಯಿತು. ಆಮೇಲೆ ಓದಲು ಕೂತರು. 1976ರಲ್ಲಿ ಕಾನೂನು ಪದವಿ, ಮರುವರ್ಷ ವಕೀಲಿ.

ಅವರು ಪಂಜಾಬಿನ ಜಲಂಧರ್ ಜಿಲ್ಲೆಯ ದೋಸಾಂಝ್ ಕಲಾಂ ಎಂಬ ಹಳ್ಳಿಯವರು. 1964ರ ಕೊನೆಗೆ ಇಂಗ್ಲೆಂಡಿಗೆ ಹೋದರು, 1968ರಲ್ಲಿ ಕೆನಡಾಕ್ಕೆ. 1964 ಅಂದರೆ ನಮ್ಮ ಮನೆಯಲ್ಲಿ ಬೇರೆಯೇ ನೆನಪು. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು. ನಮ್ಮ ಮನೆ, ತೋಟ, ಗದ್ದೆ ಎಲ್ಲ ಶರಾವತಿ ನೀರಿನಡಿ ಹೋಯಿತು. ಅಪ್ಪ, ಅಮ್ಮನನ್ನು ಲಾರಿಯಲ್ಲಿ ತಂದು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನಲ್ಲಿ ಇಳಿಸಿದರು. ಸುತ್ತಲಿನವರಿಗೆ ನಾವು 'ಮುಳುಗಡೆಯವರು'. ಪಹಣಿಗಾಗಿ ಅಪ್ಪ ಎಷ್ಟೋ ವರ್ಷ ಅಲೆದರು. ಕೈಗೆ ಬಂದ ಕಾಗದದಲ್ಲಿ ಏನಿದೆ ಅಂತ ಓದಿ ಹೇಳುವವರು ಒಬ್ಬರೂ ಇರಲಿಲ್ಲ. ಆ ಕಾಗದ ಓದಲಿಕ್ಕೇ ನಾನು ಕರಿ ಕೋಟು ಹಾಕಿದ್ದು. ಹಾಗಾಗಿ ದೋಸಾಂಝ್ ಶಾಸಕರಾಗುವ ಮೊದಲು ಮಾಡಿದ ಕೆಲಸವೇ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರ.

ವ್ಯಾಂಕೂವರ್ ಆಚೆ ಹಣ್ಣು, ತರಕಾರಿ ತೋಟಗಳಿವೆ. ಅಲ್ಲಿ ಕೀಳುವ ಕೂಲಿಗೆ ಹೋಗುತ್ತಿದ್ದವರಲ್ಲಿ ಪಂಜಾಬಿನ ಹೆಂಗಸರು, ವಯಸ್ಸಾದವರು ತುಂಬಾ ಜನ. ಇಂಗ್ಲಿಷ್ ಬಾರದು. ಕೂಲಿ ಗುತ್ತಿಗೆದಾರನ ಕೈಯಿಂದಲೇ ಬರಬೇಕು. ಬೇರೆ ಕಾರ್ಮಿಕರಿಗಿದ್ದ ಎಷ್ಟೋ ರಕ್ಷಣೆ ತೋಟದವರಿಗೆ ಇರಲಿಲ್ಲ. ದೋಸಾಂಝ್ ಮತ್ತು ಗೆಳೆಯರು ಅವರಿಗೆ ಕಾನೂನು ತಿಳಿಸಿ ಹೇಳುವ ಕೆಲಸಕ್ಕೆ ಇಳಿದರು. 1980ರಲ್ಲಿ ತೋಟದ ಕೂಲಿಯವರದ್ದೇ ಯೂನಿಯನ್ ಆಯಿತು. ನಮ್ಮಲ್ಲೂ ಹೀಗೇ ಅಲ್ವಾ? ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಇಬ್ಬರೂ ವಕೀಲಿ ಓದಿದವರು. 1951ರ ಕಾಗೋಡು ಗೇಣಿ ಹೋರಾಟ ಕಂಡ ಈ ಸೀಮೆಯೇ ಅವರನ್ನು ಶಾಸನಸಭೆಗೆ ಕಳಿಸಿತು.

ದೋಸಾಂಝ್ 1979ರ ಚುನಾವಣೆಯಲ್ಲಿ ಸೋತರು, 1983ರಲ್ಲೂ ಸೋತರು. ಸಿಖ್ಖರಿಗೆ ಬೇರೆ ದೇಶ ಬೇಕು ಎಂಬ ಖಾಲಿಸ್ತಾನದ ಹೆಸರಿನಲ್ಲಿ ನಡೆಯುತ್ತಿದ್ದ ಹಿಂಸೆ ತಪ್ಪು ಅಂತ ತಮ್ಮ ಜನರ ನಡುವೆಯೇ ನಿಂತು ಹೇಳಿದರು. 1985ರ ಫೆಬ್ರವರಿಯಲ್ಲಿ ಅವರ ಕಚೇರಿಯ ಹೊರಗೇ ಅವರಿಗೆ ಕಬ್ಬಿಣದ ರಾಡಿನಿಂದ ಹೊಡೆದರು. ಕೈ ಮುರಿಯಿತು, ತಲೆಗೆ 80ಕ್ಕೂ ಹೆಚ್ಚು ಹೊಲಿಗೆ. ಅದೇ ಜೂನ್‌ನಲ್ಲಿ ಕೆನಡಾದಿಂದ ಹೊರಟ ಏರ್ ಇಂಡಿಯಾದ ಕನಿಷ್ಕ ವಿಮಾನ ಖಾಲಿಸ್ತಾನಿ ಉಗ್ರರ ಬಾಂಬಿಗೆ ಸ್ಫೋಟವಾಗಿ 329 ಜನ ಸತ್ತರು. ಆದರೂ ದೋಸಾಂಝ್ ಮಾತು ನಿಲ್ಲಿಸಲಿಲ್ಲ. ಒಮ್ಮೆ ಜಮೀನಿನ ಕೇಸಿಗೆ ಯಾರೋ ನನ್ನ ಬೈಕ್ ಅಡ್ಡಗಟ್ಟಿ ಹೆದರಿಸಿದ್ದಕ್ಕೇ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಈ ಮನುಷ್ಯನ ಗುಂಡಿಗೆ ಎಂಥದ್ದಿರಬೇಕು!

1991ರಲ್ಲಿ ವ್ಯಾಂಕೂವರ್-ಕೆನ್ಸಿಂಗ್ಟನ್ ಕ್ಷೇತ್ರದಿಂದ ಗೆದ್ದರು. 1995ರಲ್ಲಿ ಅಟಾರ್ನಿ ಜನರಲ್, ಅಂದರೆ ಪ್ರಾಂತ್ಯದ ಕಾನೂನು ಸಚಿವ. 2000ದ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಕೆನಡಾದ ಯಾವ ಪ್ರಾಂತ್ಯದಲ್ಲೂ ಅದುವರೆಗೆ ಭಾರತೀಯರು ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಮರುವರ್ಷ ಅವರ ಪಕ್ಷಕ್ಕೆ 79ರಲ್ಲಿ ಎರಡೇ ಸೀಟು ಬಂತು, ತಾವೂ ಸೋತರು. 2004ರಲ್ಲಿ ಬೇರೆ ಪಕ್ಷದಿಂದ ಸಂಸತ್ತಿಗೆ ಹೋಗಿ ಕೇಂದ್ರದ ಆರೋಗ್ಯ ಸಚಿವರಾದರು.

ಅದೇ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1907ರಲ್ಲಿ ಭಾರತೀಯರ ಓಟಿನ ಹಕ್ಕನ್ನೇ ಕಿತ್ತುಕೊಂಡಿತ್ತು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿ ವಕೀಲರೂ ಆಗುವಂತಿರಲಿಲ್ಲ. ಹಕ್ಕು ವಾಪಸ್ ಬಂದದ್ದು 1947ರಲ್ಲಿ. ವಕೀಲಿ ಮಾಡಲು ಅಲ್ಲಿನ ಪ್ರಜೆಯೇ ಆಗಿರಬೇಕು ಎಂಬ ನಿಯಮವನ್ನು 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಈಗ ಪೌರತ್ವ ಬೇಕಾಗುವುದು ಓಟು ಹಾಕಲು, ಚುನಾವಣೆಗೆ ನಿಲ್ಲಲು. ವಕೀಲಿಗೆ ನಿಮ್ಮ ಮಗಳು ಅಲ್ಲಿಯವರೆಗೆ ಕಾಯಬೇಕಿಲ್ಲ.

ಹೊರದೇಶದ ಕಾನೂನು ಪದವಿಗಳನ್ನು ಪರಿಶೀಲಿಸಲು ಅಲ್ಲಿ ಎನ್‌ಸಿಎ ಎಂಬ ಸಮಿತಿ ಇದೆ. ಅವರು ಹೇಳಿದ ವಿಷಯಗಳಲ್ಲಿ ಪರೀಕ್ಷೆ ಬರೆಯಬೇಕು. ಆಮೇಲೆ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯಬೇಕು. ಅದಕ್ಕೆ ಆರ್ಟಿಕ್ಲಿಂಗ್ ಅನ್ನುತ್ತಾರೆ. ಸಮಿತಿಗೆ ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು, ಮಗಳು ತನ್ನ ಹತ್ತಿರ ಇರುವುದನ್ನು ಕೊಟ್ಟರೆ ನಡೆಯುವುದಿಲ್ಲ. ಅದಕ್ಕಾಗಿ ಓಡಾಡುವುದನ್ನು ನೀವು ಊರಲ್ಲಿದ್ದೇ ಮಾಡಬಹುದು. ಅವಳ ರಿಜಿಸ್ಟರ್ ನಂಬರ್, ಪಾಸಾದ ವರ್ಷ ಬರೆದುಕೊಂಡು, ಅವಳಿಂದ ಒಂದು ಒಪ್ಪಿಗೆ ಪತ್ರ ತರಿಸಿಕೊಳ್ಳಿ. ಅರ್ಜಿ ಬರೆಯುವುದು ಕಷ್ಟವಾದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಬರೆದುಕೊಡುತ್ತೇನೆ.